ಬಾಗಿಲೊಳಗೆ ಬಿದ್ದ ಗಾಜು

ಯಜ್ಞೇಶ್ವರ ಬುವಾ ಅವರ ಮೋಟಾರನ್ನು ನಾನು ಹದಿನಾಲ್ಕು ವರ್ಷ ನಡೆಸಿದೆ. ಅಷ್ಟು ವರ್ಷದಲ್ಲಿ ಅವರ ಗಂಟಲಿಗೆ ಚಿಟಿಕೆ ಧೂಳು ಹೋಗಗೊಟ್ಟವನಲ್ಲ. ಧಾರವಾಡದಲ್ಲಿ ಇದನ್ನು ಯಾರನ್ನು ಬೇಕಾದರೂ ಕೇಳಬಹುದಿತ್ತು. ಈಗ ಕೇಳಿದರೆ, ಬುವಾ ಅವರ ಗಂಟಲು ಕೆಡಿಸಿದವನು ಬೀರಪ್ಪ ಎನ್ನುತ್ತಾರೆ. ಆ ಬೀರಪ್ಪ ನಾನೇ. ಅದಕ್ಕೇ ನಡೆದದ್ದನ್ನು ನಾನೇ ಹೇಳುತ್ತೇನೆ, ನಂಬುವವರು ನಂಬಲಿ.

ಬುವಾ ದೊಡ್ಡ ಹಾಡುಗಾರರು. ಸಂಸ್ಥಾನದ ರಾಜರೊಬ್ಬರು ಅವರ ಹಾಡು ಮೆಚ್ಚಿ, ತಾವು ಬಳಸಿ ಬಿಟ್ಟ ಮೋಟಾರನ್ನು ಕೊಟ್ಟಿದ್ದರು. ಹಿಡಿಕೆ ತಿರುಗಿಸಿದರೆ ಕಿಟಕಿಯ ಗಾಜು ಏರುವ, ಇಳಿಯುವ ಮೋಟಾರು ಆಗ ನಮ್ಮೂರಲ್ಲಿ ಬೆರಳೆಣಿಕೆಯಷ್ಟು. ಹೆಬ್ಬಳ್ಳಿಯಲ್ಲಿ ಕುರಿ ಕಾಯುವ ಮನೆತನದಿಂದ ಬಂದ ನಾನು ಅದರ ಪ್ರತಿಯೊಂದು ಮೊಳೆಯನ್ನೂ ಬಿಚ್ಚಿ ಹಾಕಿ ಕಲಿತೆ.

ಕಲಿತದ್ದನ್ನು ಒಬ್ಬನಿಗೆ ಮಾತ್ರ ಕಲಿಸಿದೆ. ಅವನು ತ್ರ್ಯಂಬಕ, ಬುವಾ ಅವರ ಶಿಷ್ಯ. ಎಂಟು ವರ್ಷದಿಂದ ಅವರ ಮನೆಯಲ್ಲೇ ಇದ್ದ. ಒಳ್ಳೆಯ ಕಂಠ. ಆದರೆ ಬುವಾ ಅವನನ್ನು ಒಬ್ಬನೇ ಹಾಡಲು ಬಿಡುತ್ತಿರಲಿಲ್ಲ. ಕೇಳಿದಾಗಲೆಲ್ಲ ಇನ್ನೂ ಎರಡು ವರ್ಷ ಹೋಗಲಿ ಎನ್ನುತ್ತಿದ್ದರು. ಬೈಸಿಕೊಂಡ ದಿನ ಅವನು ಬಂದು ನನ್ನ ಹತ್ತಿರ ಕೂರುತ್ತಿದ್ದ. ಬೀರಪ್ಪ ಕಾಕಾ, ಬೀರಪ್ಪ ಕಾಕಾ ಎಂದು ಬಾಯಿ ತುಂಬ ಕರೆಯುತ್ತಿದ್ದ. ನನಗೆ ಮಕ್ಕಳಿಲ್ಲ. ಗಾಡಿ ನಡೆಸುವುದನ್ನು ಕಲಿಸಿದೆ, ಬಾಗಿಲಿನ ಹಲಗೆ ಬಿಚ್ಚುವುದನ್ನೂ ಕಲಿಸಿದೆ. ಮರಳಿ ಹಾಕುವಾಗ ಎಲ್ಲ ಸ್ಕ್ರೂಗಳ ತಲೆಯ ಮೇಲಿನ ಗೀರು ನೆಟ್ಟಗೆ ನಿಲ್ಲಬೇಕು ಎಂದು ತಾಕೀತು ಮಾಡಿದ್ದೆ. ಅದು ನನ್ನ ಖಯಾಲಿ.

ಮೂವತ್ತೆಂಟನೆಯ ಇಸವಿಯ ಬೇಸಿಗೆ. ಹುಬ್ಬಳ್ಳಿಯ ವ್ಯಾಪಾರಸ್ಥರು ಸಂಜೆಯ ಹಾಡಿನ ಬೈಠಕ್ಕಿಗೆ ಬುವಾ ಅವರನ್ನು ಕರೆದಿದ್ದರು. ಹೊರಡುವ ಹೊತ್ತಿಗೆ ತ್ರ್ಯಂಬಕ ನನ್ನ ಹತ್ಯಾರದ ಪೆಟ್ಟಿಗೆಯನ್ನು ಗಾಡಿಯಿಂದ ಕೆಳಗಿಳಿಸಿದ.

"ತಂಬೂರಿಗೆ ಜಾಗಾ ಸಾಲವಲ್ದು ಕಾಕಾ. ಹನ್ನೆರಡು ಮೈಲಿಗೆ ಇದೇನ್ ಬೇಕು?"

ನಾನು ಆಗಲಿ ಎಂದೆ. ಪೆಟ್ಟಿಗೆ ಬಿಟ್ಟು ಹೊರಟದ್ದು ಅದೇ ಮೊದಲು.

ಊರು ದಾಟುವವರೆಗೆ ಬುವಾ ಅವರಿಗೆ ಗಾಳಿ ಬೇಕು. ಅದಕ್ಕೆ ಅವರ ಬದಿಯ ಗಾಜು ಇಳಿದೇ ಇತ್ತು. ನವಲೂರು ದಾಟಿದ ಮೇಲೆ ಮುಂದೊಂದು ಬಸ್ಸು ಸಿಕ್ಕಿತು. ಹಿಂದೆ ಬಂದವರ ಮೇಲೆ ಧೂಳಿನ ಗೋಡೆಯೇ ಬೀಳುತ್ತಿತ್ತು. ಬುವಾ ಹಿಡಿಕೆ ತಿರುಗಿಸಿದರು. ಅದು ಗರಗರ ಸುತ್ತಿತು, ಗಾಜು ಮಾತ್ರ ಮೇಲೆ ಬರಲಿಲ್ಲ. ಗಾಡಿ ನಿಲ್ಲಿಸಿ ನೋಡಿದರೆ ಅದು ಪೂರಾ ಬಾಗಿಲೊಳಗೆ ಬಿದ್ದಿತ್ತು, ಬೆರಳಿಗೂ ಎಟುಕುತ್ತಿರಲಿಲ್ಲ. ಹಲಗೆ ಬಿಚ್ಚಲು ಕೈಯಲ್ಲಿ ಹತ್ಯಾರವಿಲ್ಲ. ಹೊತ್ತಾಗಿತ್ತು. ಕಿಟಕಿಗೆ ಕಟ್ಟಿದ ಶಾಲು ಗಾಳಿಗೆ ನಿಲ್ಲಲಿಲ್ಲ, ದಾರಿಯ ಧೂಳೆಲ್ಲ ಒಳಗೇ ನುಗ್ಗಿತು. ಬೈರಿದೇವರಕೊಪ್ಪಕ್ಕೆ ಬರುವಷ್ಟರಲ್ಲಿ ಬುವಾ ಕೆಮ್ಮಿ ಕೆಮ್ಮಿ ಕೆಂಪಾಗಿದ್ದರು. ನನಗೆ ಅಳು ಬಂತು.

ಬೈಠಕ್ಕಿನಲ್ಲಿ ಮೊದಲ ರಾಗಕ್ಕೇ ಅವರ ದನಿ ಒಡೆಯಿತು. ಹಿಂದೆ ಕುಳಿತ ತ್ರ್ಯಂಬಕ ಹಾಡನ್ನು ಎತ್ತಿಕೊಂಡ. ಎರಡು ತಾಸು ಹಾಡಿದ, ಛಲೋ ಹಾಡಿದ, ಸುಳ್ಳು ಯಾಕೆ ಹೇಳಲಿ. ಹುಬ್ಬಳ್ಳಿ ತಲೆದೂಗಿತು.

ಮರುದಿನ ಬೆಳಿಗ್ಗೆ ಬಾಗಿಲಿನ ಮುಂದೆ ಕುಳಿತೆ. ಹಲಗೆಯ ಎಂಟೂ ಸ್ಕ್ರೂಗಳ ಗೀರು ನೆಟ್ಟಗಿದ್ದವು. ನನ್ನದೇ ಕೈಕೆಲಸ ಎಂದುಕೊಂಡೆ. ಆದರೆ ಆ ಬಾಗಿಲನ್ನು ನಾನು ಬಿಚ್ಚಿ ವರ್ಷವಾಗಿತ್ತು, ಗೀರುಗಳಲ್ಲಿ ಮಾತ್ರ ಹೊಸ ಹೊಳಪಿತ್ತು. ಹಲಗೆ ತೆಗೆದೆ. ಹಿಡಿಕೆಯ ಜೊತೆ ತಿರುಗುವ ಗಾಲಿಯ ಹಲ್ಲು ಸವೆದಿರಲಿಲ್ಲ. ಗಾಜನ್ನು ಎತ್ತುವ ತೋಳು ಸೊಟ್ಟಗಾಗಿರಲಿಲ್ಲ. ತೋಳನ್ನು ಗಾಜಿನ ಪಟ್ಟಿಗೆ ಹಿಡಿದಿಡುವ ಪಿನ್ನು ಇರಲಿಲ್ಲ. ತಾನಾಗಿ ಕಳಚಿದ್ದರೆ ಬಾಗಿಲಿನ ತಳದಲ್ಲಿ ಬಿದ್ದಿರಬೇಕು. ತಳವನ್ನೆಲ್ಲ ಬೆರಳಾಡಿಸಿ ನೋಡಿದೆ, ಧೂಳಷ್ಟೇ. ಯಾರೋ ಬಿಚ್ಚಿ, ಪಿನ್ನು ತೆಗೆದು, ನಾನು ಹೇಳಿಕೊಟ್ಟಂತೆಯೇ ಅಚ್ಚುಕಟ್ಟಾಗಿ ಮುಚ್ಚಿದ್ದರು. ಆ ಕೆಲಸ ಬಲ್ಲವರು ಇಬ್ಬರೇ.

ನೇರ ಒಳಗೆ ಹೋಗಿ ಬುವಾ ಅವರಿಗೆ ಹೇಳಿದೆ. ಅವರು ಕಂಬಳಿ ಹೊದ್ದು ಕುಳಿತಿದ್ದರು.

"ನಂಗ ದಾರ್ಯಾಗನ ಗೊತ್ತಾತು ಬೀರಪ್ಪಾ," ಎಂದರು, ಪಿಸುದನಿಯಲ್ಲಿ. "ಪೆಟ್ಟಿಗಿ ಇಳಿಸಿದ್ದನ್ನ ನಾನೂ ನೋಡಿದ್ದೆ."

"ಮತ್ತ ಸುಮ್ಮನ ಯಾಕ ಕುಂತೀರಿ?"

"ನನಗ ಅರವತ್ತೇಳಾತು. ಈ ಗಂಟಲ ಇನ್ನ ಎಷ್ಟ ದಿನಾ? ನಾ ಕಲಿತದ್ದೆಲ್ಲಾ ಅವನ ಹತ್ರ ಅದ. ಅವನ ಹೆಸರು ಕೆಟ್ರ ಅದೂ ಮುಗೀತು."

"ನನ್ನ ಹೆಸರು ಕೆಟ್ರ ನಡೀತೈತೇನ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ಹುಬ್ಬಳ್ಳಿಯವರು ನೋಡ್ಲಿಕ್ಕೆ ಬರ್ತಾರ. ನನ್ನಿಂದ ತಪ್ಪಾತು ಅಂತ ಒಂದು ಮಾತು ಅಂದುಬಿಡು. ಹದಿನಾಲ್ಕು ವರ್ಷದಾಗ ನಿನ್ನ ಏನೂ ಬೇಡಿಲ್ಲ ನಾ."

"ಗಾಡಿ?"

"ತ್ರ್ಯಂಬಕ ನಡಸ್ತಾನ. ಗಂಟಲ ಕೆಡಿಸಿದವನ್ನ ಇಟ್ಕೊಂಡ್ರ ಮಂದಿ ಏನಂದಾರು?"

ತ್ರ್ಯಂಬಕ ಮಾಡಿದ್ದು ಹೊಟ್ಟೆಕಿಚ್ಚಿಗೆ, ಎಂಟು ವರ್ಷ ಕಾದ ಬೇಸರಕ್ಕೆ. ಅದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಬುವಾ ಮಾಡಿದ್ದು ಎಲ್ಲ ತಿಳಿದು, ಕಣ್ಣು ತೆರೆದುಕೊಂಡು. ಅದು ಇಂದಿಗೂ ಗಂಟಲಲ್ಲೇ ಇದೆ.

ಹತ್ತು ಗಂಟೆಗೆ ಹುಬ್ಬಳ್ಳಿಯ ಗುರುಸಿದ್ದಯ್ಯನವರು ಬಂದರು. ಬೈಠಕ್ ಏರ್ಪಡಿಸಿದವರು ಅವರೇ. ಅಂಗಳದಲ್ಲೇ ನನ್ನನ್ನು ತಡೆದರು.

"ಏನೋ ಬೀರಪ್ಪಾ, ಗಾಡಿ ಹಿಂಗ ನೋಡಿಕೊಳ್ಳೂದು?"

ಬುವಾ ಪಡಸಾಲೆಯಿಂದ ನನ್ನನ್ನೇ ನೋಡುತ್ತಿದ್ದರು. ಅಷ್ಟು ವರ್ಷ ಅವರು ಹೇಳಿದ್ದಕ್ಕೆಲ್ಲ ಹೂಂ ಎಂದ ಬಾಯಿ, ಅಂದೂ ಅದನ್ನೇ ಮಾಡಿತು.

"ನಂದ ತಪ್ಪರಿ," ಎಂದೆ.

ಆಗ ತ್ರ್ಯಂಬಕ ಚಹಾ ಹಿಡಿದು ಹೊರಗೆ ಬಂದ.

"ಬೈಬ್ಯಾಡ್ರಿ ಗುರುಸಿದ್ದಯ್ಯನವರ," ಎಂದ, ಮೆತ್ತಗೆ. "ಬೀರಪ್ಪ ಕಾಕಾ ಬೇಕಂತ ಮಾಡಿಲ್ಲ. ವಯಸ್ಸಾತು, ಮರ್ತಾರ. ನಾವ ಕ್ಷಮಾ ಮಾಡ್ಬೇಕು."

ಎಂಥ ದೊಡ್ಡ ಮನಸ್ಸು ಎಂದು ಗುರುಸಿದ್ದಯ್ಯನವರು ಅವನ ಬೆನ್ನು ತಟ್ಟಿದರು. ಬುವಾ ಹೌದೆಂದು ತಲೆಯಾಡಿಸಿದರು.