ಸಹಿಯಿಲ್ಲದ ಮೌಲ್ಡು

ಹರವೆಯ ಟೀ ಅಂಗಡಿಯ ಬೆಂಚಿನ ಮೇಲೆ ಫೋನು ಏಳನೇ ಸಲ ಬಡಿದುಕೊಂಡಿತು. ಕುಮಾರಿ ಅದನ್ನು ಕವುಚಿ ಹಾಕಿ, ಇನ್ನೊಂದು ಟೀ ಹೇಳಿದಳು. ಗಂಟೆ ಹತ್ತು. ಬದನಗುಪ್ಪೆಯ ಆಚೆ ಏಳುತ್ತಿದ್ದ ಯೂನಿವರ್ಸಿಟಿಯ ಮೆಡಿಕಲ್ ಕ್ಯಾಂಪಸ್ಸಿನಲ್ಲಿ, ಎಮರ್ಜೆನ್ಸಿ ವಾರ್ಡಿನ ಮುಂದಿನ ಪೋರ್ಟಿಕೊಗೆ ಅವತ್ತು ಮೌಲ್ಡು, ಕಾಂಕ್ರೀಟಿನ ತಾರಸಿ. ಕಂಟ್ರಾಕ್ಟರ್ ಗುರುಮಲ್ಲಯ್ಯ ಐನೋರ ಹತ್ತಿರ ಕೇಳಿಸಿದ ಗಳಿಗೆ ಹತ್ತೂವರೆಗೆ ಮುಗಿದು ರಾಹುಕಾಲ ಹಿಡಿಯುತ್ತದೆ. ಅವತ್ತು ತಪ್ಪಿದರೆ ಅಮಾವಾಸ್ಯೆ, ಅದರ ಬೆನ್ನಿಗೇ ಆಷಾಢ.

ಕಾಂಕ್ರೀಟು ಸುರಿಯುವ ಮುಂಚೆ ಕಟ್ಟಿದ ಕಂಬಿಯನ್ನು ಯೂನಿವರ್ಸಿಟಿಯ ಎಂಜಿನಿಯರ್ ಕುಮಾರಿ ನೋಡಬೇಕು, ತಪಾಸಣೆ ಕಾರ್ಡಿಗೆ ಸಹಿ ಹಾಕಬೇಕು. ಕ್ಯಾಂಪಸ್ಸಿನ ಕಟ್ಟಡಗಳೆಲ್ಲ ಅವಳ ಕೈಕೆಳಗೇ ಎದ್ದಿದ್ದವು: ಹಾಸ್ಟೆಲ್ಲು, ಹೆಣ ಕೊಯ್ಯುವ ಹಾಲ್, ಲೈಬ್ರರಿ. ಹತ್ತು ವರ್ಷದಲ್ಲಿ ಒಂದು ದಿನವೂ ಮೌಲ್ಡಿಗೆ ತಡವಾಗಿ ಹೋದವಳಲ್ಲ. ಹಿಂದಿನ ಸಂಜೆಯೇ ಈ ಕಂಬಿಯನ್ನೂ ಒಂದೊಂದಾಗಿ ಎಣಿಸಿದ್ದಳು. ಒಂದೂ ಕುಂದಿರಲಿಲ್ಲ. "ಬೆಳಿಗ್ಗೆ ಬಂದು ಸಹಿ ಹಾಕ್ತೀನಿ" ಅಂದು ಕಾರು ಹತ್ತಿದ್ದಳು.

ಗುರುಮಲ್ಲಯ್ಯ ಗಳಿಗೆ ಮೀರುವವನಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕೂತಿದ್ದಳು.

ಇಪ್ಪತ್ತಮೂರು ವರ್ಷದ ಹಿಂದೆ ಇದೇ ಗುರುಮಲ್ಲಯ್ಯ ಗುಂಡ್ಲುಪೇಟೆಯಲ್ಲಿ ಒಂದು ಛತ್ರ ಕಟ್ಟಿಸುತ್ತಿದ್ದ. ಕುಮಾರಿಯ ಅವ್ವ ರಾಚಮ್ಮ ಅಲ್ಲಿ ಬಾಂಡ್ಲಿ ಹೊರುತ್ತಿದ್ದಳು. ಒಂದು ಮಧ್ಯಾಹ್ನ ಗೋಡೆಗೆ ಕಟ್ಟಿದ್ದ ಮರದ ಸಾರುವೆ ಮುರಿದು ಅವಳ ಬಲಗೈ ಮೇಲೆ ಬಿತ್ತು. ಹೆಬ್ಬೆರಳೊಂದು ಬಿಟ್ಟು ಮಿಕ್ಕ ಬೆರಳೆಲ್ಲ ಮೊಟಕಾದವು. ವಿಚಾರಣೆಗೆ ಬಂದ ಸಾಹೇಬರ ಮುಂದೆ ಗುರುಮಲ್ಲಯ್ಯ ಹಾಜರಿ ಪುಸ್ತಕ ಬಿಚ್ಚಿ ಹಿಡಿದ.

"ನೋಡಿ ಸ್ವಾಮಿ, ಪುಸ್ತಕ್ದಲ್ಲಿ ಇವ್ಳ ಹೆಸರೇ ಇಲ್ಲ. ಹೆಸರಿಲ್ದೋಳು ನನ್ ಸೈಟ್ಗೆ ಬಂದೇ ಇಲ್ಲ. ಎಲ್ಲೋ ಬಿದ್ಬುಟ್ಟು ಬಂದು ನನ್ ತಲೆಗೆ ಕಟ್ತಾವ್ಳೆ!"

ಅವ್ವನ ಪಕ್ಕ ನಿಂತಿದ್ದ ಒಂಬತ್ತು ವರ್ಷದ ಕುಮಾರಿ ಆ ಮಾತನ್ನು ನುಂಗಿಕೊಂಡಳು. ಅದು ಕರಗಲೇ ಇಲ್ಲ. ಅಲ್ಲಿಂದಾಚೆ ರಾಚಮ್ಮ ಊಟಕ್ಕೆ ಕೂತಾಗಲೂ ಬಲಗೈಯನ್ನು ಸೆರಗಿನೊಳಗಿಂದ ಈಚೆ ತೆಗೆದವಳಲ್ಲ. ಹೋದ ವರ್ಷ ಟೆಂಡರಿನಲ್ಲಿ ಗುರುಮಲ್ಲಯ್ಯನ ಹೆಸರು ಕಂಡಾಗ ಕುಮಾರಿ ತಕರಾರು ಎತ್ತದೆ ಕಡತ ಮುಂದಕ್ಕೆ ಕಳಿಸಿದಳು. ಬಾರಪ್ಪ ಬಾ, ನಿನಗೇ ಕಾದಿದ್ದೆ ಅಂದುಕೊಂಡಳು.

ಅವಳು ಸೈಟು ಮುಟ್ಟಿದಾಗ ಮಧ್ಯಾಹ್ನ. ಪೋರ್ಟಿಕೊ ಮೇಲೆ ಹಸಿ ಕಾಂಕ್ರೀಟು ಹೊಳೆಯುತ್ತಿತ್ತು. ಆಳುಗಳು ಬೂಂದಿ ತಿನ್ನುತ್ತಿದ್ದರು. ಹಣೆತುಂಬ ವಿಭೂತಿ ಬಳಿದುಕೊಂಡ ಗುರುಮಲ್ಲಯ್ಯ ತಟ್ಟೆ ಹಿಡಿದು ಎದುರಿಗೇ ಬಂದ.

"ಗಳಿಗೆ ಮೀರ್ತಿತ್ತು ಮೇಡಮ್ಮೋರೆ, ಸುರ್ದುಬುಟ್ಟೊ. ನೆನ್ನೆ ನೀವೇ ನೋಡಿದ್ರಲ್ಲ! ಬಾಯಿ ಸಿಹಿ ಮಾಡ್ಕಂಡು ಸೈನ್ ಹಾಕ್ಬುಡಿ."

"ಸಹಿ ಇಲ್ಲದೆ ಹಾಕಿದ ಮೌಲ್ಡನ್ನ ಕಂಟ್ರಾಕ್ಟರೇ ಒಡೆದು ತೆಗೀಬೇಕು. ಕರಾರಲ್ಲಿದೆ, ಓದ್ಕೊಳಿ" ಅಂದಳು ಕುಮಾರಿ. ಬೂಂದಿ ಮುಟ್ಟಲಿಲ್ಲ.

ಮೊದಲು ನಕ್ಕ. ಆಮೇಲೆ ಕೂಗಾಡಿದ. ಕುಲಪತಿಗಳ ತನಕ ಓಡಿದ. "ಕುಮಾರಿಯವರು ಸಹಿ ಹಾಕಿದರೆ ನಮ್ಮದೇನೂ ಅಡ್ಡಿಯಿಲ್ಲ" ಅಂದುಬಿಟ್ಟರು ಅವರು. ಅವನ ಸೂಪರ್‌ವೈಸರ್ ಪ್ರದೀಪ್ ಒಬ್ಬನೇ ಬಂದು, "ಹತ್ತು ದಿನ ಬಿಸ್ಲಲ್ಲಿ ಕಟ್ಟಿದ ಕಂಬಿ ಮೇಡಂ" ಅಂದು ಕಣ್ಣೊರೆಸಿಕೊಂಡ. ಕುಮಾರಿ ಅವನಿಗೆ ಕುಡಿಯಲು ನೀರು ಕೊಟ್ಟಳು. ಆದರೂ ಕರಗಲಿಲ್ಲ.

ನಾಲ್ಕನೇ ದಿನ ಗುರುಮಲ್ಲಯ್ಯ ಅವಳ ಆಫೀಸಿಗೆ ಬಂದು, ಚಪ್ಪಲಿ ಹೊರಗೇ ಬಿಟ್ಟು ನಿಂತ.

"ಮೇಡಮ್ಮೋರೆ, ಒಡದ್ರೆ ಮಾನ ಓಗ್ಬುಡ್ತದೆ. ನಲವತ್ತು ವರ್ಷದಲ್ಲಿ ನಾನ್ ಹಾಕ್ಸಿದ್ ಒಂದ್ ಮೌಲ್ಡೂ ಒಡ್ದಿಲ್ಲ. ಕಾಲಿಗೆ ಬೀಳು ಅಂದ್ರೆ ಬೀಳ್ತೀನಿ."

ಕುಮಾರಿ ಕಾರ್ಡು ಮುಂದಿಟ್ಟುಕೊಂಡು ಪೆನ್ನು ಬಿಚ್ಚಿದಳು.

"ಕಾಲಿಗೆ ಬೀಳೋದು ಬೇಡ. ಗುಂಡ್ಲುಪೇಟೆ ಛತ್ರದ ಕೆಲಸದಲ್ಲಿ ರಾಚಮ್ಮ ಅಂತ ಒಬ್ರಿದ್ರು, ಸಾರುವೆ ಬಿದ್ದು ಕೈ ಹೋಯ್ತು. ಅವರು ನಿಮ್ಮ ಸೈಟಲ್ಲಿ ಇದ್ರು ಅಂತ ನೆನಪು ಮಾಡ್ಕೊಂಡು ಹೇಳಿ. ಸಹಿ ಹಾಕ್ತೀನಿ."

ಅವನು ಹುಬ್ಬು ಗಂಟಿಕ್ಕಿದ. ನಾಟಕವಲ್ಲ, ನಿಜಕ್ಕೂ ಹುಡುಕುತ್ತಿದ್ದ. ಫ್ಯಾನಿನ ಕಡೆ ನೋಡಿದ, ನೆಲ ನೋಡಿದ. ಏನೂ ಸಿಗಲಿಲ್ಲ.

"ಯಾವ್ ರಾಚಮ್ಮ? ಹೆಣ್ಣಾಳು ನೂರಾರು ಬತ್ತವೆ, ಓಯ್ತವೆ... ಆಯ್ತು ಬುಡಿ, ಇದ್ಲು. ಇದ್ಲು ಅಂತ್ಲೇ ಇಟ್ಕಳಿ. ಬೇಕಾದ್ರೆ ಬರ್ದು ಹೆಬ್ಬೆಟ್ಟೊತ್ಲಾ?"

ಅಯ್ಯೋ ಪಾಪಿ! ಸುಳ್ಳು ಹೇಳಿದ್ದೂ ಅವನಿಗೆ ನೆನಪಿರಲಿಲ್ಲ. ಅವ್ವನ ಕೈಯನ್ನು ಸೆರಗಿನೊಳಗೆ ತುರುಕಿದವನ ಎದೆಯಲ್ಲಿ ಅದರ ಗೀರೂ ಇರಲಿಲ್ಲ. ಕುಮಾರಿ ಪೆನ್ನಿಗೆ ಮುಚ್ಚಳ ಹಾಕಿದಳು.

"ಕಾರ್ಡಲ್ಲಿ ಸಹಿ ಇಲ್ಲ ಗುರುಮಲ್ಲಯ್ಯನೋರೆ. ಸಹಿ ಇಲ್ಲದ ಮೌಲ್ಡು ನನ್ನ ಸೈಟಲ್ಲಿ ಇಲ್ವೇ ಇಲ್ಲ."

"ಹಾಕ್ತೀನಿ ಅಂದ್ರಲ್ಲ!"

"ಅಂದಿದ್ದೆ" ಅಂದಳು.

ಒಡೆಯುವ ದಿನ ಗುಂಡ್ಲುಪೇಟೆಯಿಂದ ಅವ್ವನನ್ನು ಕಾರಿನಲ್ಲಿ ಕರೆತಂದು, ವಾರ್ಡಿನ ನೆರಳಿಗೆ ಕುರ್ಚಿ ಹಾಕಿಸಿದಳು. ಯಾಕೆಂದು ಹೇಳಿರಲಿಲ್ಲ. ಯಂತ್ರ ಗುದ್ದುತ್ತಿತ್ತು. ಕಾಂಕ್ರೀಟು ಜಪ್ಪಯ್ಯ ಅನ್ನುತ್ತಿರಲಿಲ್ಲ. ದೂರದಲ್ಲಿ ಗುರುಮಲ್ಲಯ್ಯ ಬೆನ್ನು ತಿರುಗಿಸಿ ನಿಂತಿದ್ದ. ರಾಚಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಏನ್ ಗಟ್ಟಿ ಕಣಮ್ಮಿ! ಒಡೆಯಕ್ಕೆ ಮನ್ಸಾದ್ರೂ ಎಂಗ್ ಬತ್ತದೆ ಇವ್ರಿಗೆ? ಕೆಟ್ಟೋಗಿತ್ತಾ?"

"ಇಲ್ಲ ಕಣವ್ವ. ಚೆನ್ನಾಗೇ ಇತ್ತು."

"ಮತ್ತೆ?"

"ಗುರುಮಲ್ಲಯ್ಯ ಹಾಕ್ಸಿದ್ದು. ಅಗೋ, ಅಲ್ಲಿ ನಿಂತವ್ನೆ."

ರಾಚಮ್ಮ ಆ ಬೆನ್ನನ್ನೇ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡಳು ಕುಮಾರಿ. ಬಡವರ ಶ್ರಮ ಹಾಳುಮಾಡಿದೆ ಅನ್ನುತ್ತಾಳೆ, ಎದ್ದು ನಡೆ ಅನ್ನುತ್ತಾಳೆ. ಕೊನೆಗೆ ಯಂತ್ರ ನಿಂತಿತು. ಆಳುಗಳು ನೀರು ಕುಡಿಯಲು ಹೋದರು.

"ಎಲ್ಲಿಗೋದ್ರು?" ರಾಚಮ್ಮ ತಟ್ಟನೆ ಎದ್ದಳು. "ಆ ಮೂಲೆ ಉಳಿಸ್ಬುಟ್ಟವ್ರೆ ನೋಡು. ಅದ್ನೂ ಒಡಿಸು."

ತೋರಿಸಿದ್ದು ಬಲಗೈಯಲ್ಲಿ.

ಮೂಲೆಯೂ ಬಿತ್ತು. ಕುಮಾರಿ ಅವ್ವನನ್ನು ಕೂರಿಸಿಕೊಂಡು ಗುಂಡ್ಲುಪೇಟೆಯ ಕಡೆ ಕಾರು ತಿರುಗಿಸಿದಳು. ಹರವೆ ದಾಟುವಾಗ ಕುಮಾರಿ ಒಮ್ಮೆ ಪಕ್ಕಕ್ಕೆ ನೋಡಿದಳು. ಕೈ ಸೆರಗಿನ ಹೊರಗೇ, ಮಡಿಲ ಮೇಲಿತ್ತು. ಮೊಟಕು ಬೆರಳುಗಳ ಮೇಲೆಲ್ಲ ಸಿಮೆಂಟಿನ ಧೂಳು. ರಾಚಮ್ಮ ಅದನ್ನು ಒರೆಸಿಕೊಂಡಿರಲಿಲ್ಲ.