ಗೂಬೆ ಪ್ರೊಫೆಸರು

"ಮೂರನೇ ಗೂಬೆ ಎಲ್ಲಿದೆ, ಯಾರು ಹೇಳ್ತೀರಿ?" ಎಂದು ಗೈಡ್ ಕೇಳಿದ. ಯಾರೂ ಹೇಳುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳು ಐಸ್‌ಕ್ರೀಂ ಗಾಡಿ ನೋಡುತ್ತಿದ್ದವು, ಅಪ್ಪಂದಿರು ಫೋನು ನೋಡುತ್ತಿದ್ದರು, ಅಮ್ಮಂದಿರು ನೆರಳು ಹುಡುಕುತ್ತಿದ್ದರು. ಕಾಲೇಜಿನ ಹೆಬ್ಬಾಗಿಲ ಕಂಬಗಳಲ್ಲಿ ಯಾರೋ ಪುಣ್ಯಾತ್ಮ ಮೂರು ಗೂಬೆಗಳನ್ನು ಅಡಗಿಸಿ ಕೆತ್ತಿಟ್ಟು ಹೋಗಿದ್ದ. ವಿದ್ಯೆಯ ಗುರುತಂತೆ. ಟೂರ್ ಕಂಪನಿಯವರು ಅದನ್ನೇ ಹಿಡಿದುಕೊಂಡು 'ಇಡೀ ಕುಟುಂಬಕ್ಕೆ ಕಾಲೇಜು ನಡಿಗೆ' ಶುರುಮಾಡಿದ್ದರು. ಗೈಡಿಗೆ ಒಂದು ಕರಿ ಗೌನು, ಚೌಕದ ಟೋಪಿ, ತುದಿಯಲ್ಲಿ ಬಟ್ಟೆಯ ಗೂಬೆ ಕಟ್ಟಿದ ಕೋಲು. ಮಕ್ಕಳು ಅವನನ್ನು ಗೂಬೆ ಪ್ರೊಫೆಸರ್ ಎಂದು ಕರೆಯಬೇಕು ಅನ್ನುವುದು ಕಂಪನಿಯ ಏರ್ಪಾಟು. ಅಷ್ಟುದ್ದ ಯಾರು ಹೇಳುತ್ತಾರೆಂದು ಮಕ್ಕಳು ಬರೀ ಗೂಬೆ ಅನ್ನುತ್ತಿದ್ದವು.

ಇವರೆಲ್ಲ ಯಾಕೆ ಬರುತ್ತಾರೆ ಎಂದು ಅವನಿಗೆ ದಿನಾ ಮೈ ಉರಿಯುತ್ತಿತ್ತು. ಒಬ್ಬ ಅಪ್ಪ ಇನ್ನೂ ಬೆರಳು ಚೀಪುವ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ನೀನು ಮುಂದೆ ಓದುವುದು ಇಲ್ಲೇ, ನೋಡಿಟ್ಟುಕೋ ಅನ್ನುತ್ತಿದ್ದ. ಓದಿ ಉದ್ಧಾರವಾದವರ ಮುಖ ಈ ಮುಟ್ಠಾಳ ನೋಡಿದ್ದಾನೆಯೇ? ಲೈಬ್ರರಿಯ ಮೆಟ್ಟಿಲ ಮೇಲೆ ಸೆಲ್ಫಿ, ಗಡಿಯಾರದ ಗೋಪುರದ ಮುಂದೆ ಸೆಲ್ಫಿ, ಕೊನೆಗೆ ಶೌಚಾಲಯ ಎಲ್ಲಿದೆ ಎಂಬ ಪ್ರಶ್ನೆ. ಇಡೀ ನಡಿಗೆಯಲ್ಲಿ ಅವರು ಮನಸ್ಸಿಟ್ಟು ಕೇಳುವ ಪ್ರಶ್ನೆ ಅದೊಂದೇ.

ಗುಂಪಿನಲ್ಲಿ ಎಲ್ಲರೂ ಬಂದರೇ ಎಂದು ಕೋಲೆತ್ತಿ ಹಿಂದಕ್ಕೆ ನೋಡಿದ. ಕೊನೆಯಲ್ಲಿ ಒಂದು ಛತ್ರಿ. ಅದರ ಕೆಳಗೆ ಅವನ ಹೆಂಡತಿ, ಪಕ್ಕದಲ್ಲಿ ಮಾವ.

ಮಾವ ನಿವೃತ್ತ ಹೆಡ್‌ಮಾಸ್ತರರು. ಮಗಳನ್ನು ಇವನಿಗೆ ಕೊಟ್ಟದ್ದೇ ಈ ಕಾಲೇಜಿನ ಲೆಕ್ಚರರ್ ಅನ್ನುವ ಕಾರಣಕ್ಕೆ. ಆಗ ಅದು ಸುಳ್ಳೇನಲ್ಲ. ತಾತ್ಕಾಲಿಕ ಹುದ್ದೆ, ಹಾಗೇ ಮುಂದುವರಿಯುತ್ತದೆ ಅಂದಿದ್ದರು, ಮುಂದುವರಿಯಲಿಲ್ಲ. ಕೆಲಸ ಹೋದ ಮೇಲೂ ಇವನು ಮಾವನೆದುರು ಲೆಕ್ಚರರಾಗಿಯೇ ಉಳಿದ. ಹೆಂಡತಿಯನ್ನೂ ಬಾಯಿ ಬಿಡದಂತೆ ಒಪ್ಪಿಸಿದ್ದ. ಹೋದಲ್ಲೆಲ್ಲ ಅಳಿಯಂದಿರ ಹೆಸರೆತ್ತಿ ಎದೆಯುಬ್ಬಿಸುತ್ತಿದ್ದ ಮುದುಕರು ಈ ಸಲ ಬಂದಾಗ ಒಂದೇ ಹಠ ಹಿಡಿದಿದ್ದರು. ಹಿಂದಿನ ಬೆಂಚಿನಲ್ಲಿ ಕೂತು ನಿಮ್ಮದೊಂದು ಕ್ಲಾಸು ಕೇಳಬೇಕು, ಉಸಿರೆತ್ತುವುದಿಲ್ಲ ಎಂದು. ಹೊರಗಿನವರನ್ನು ಗೇಟಿನೊಳಕ್ಕೇ ಬಿಡುವುದಿಲ್ಲ ಎಂದು ಇವನು ಊಟದ ತಟ್ಟೆಯ ಮುಂದೆ ಕೂತು ಸಲೀಸಾಗಿ ಹೇಳಿದ್ದ. ಹೆಂಡತಿ ತಟ್ಟೆಗೆ ಸಾರು ಬಡಿಸಿದಳು.

ಈಗ ಆ ಗೇಟಿನೊಳಕ್ಕೆ ಬಲೂನು ಹಿಡಿದ ಮಕ್ಕಳು, ತಳ್ಳುಗಾಡಿಯಲ್ಲಿ ಮಲಗಿದ ಕೂಸು, ಎಲ್ಲರೂ ರಾಜಾರೋಷವಾಗಿ ನುಗ್ಗುತ್ತಿದ್ದರು.

ಲೈಬ್ರರಿಯ ತಿರುವಿನಲ್ಲಿ ಹೆಂಡತಿಯ ಪಕ್ಕಕ್ಕೆ ಸರಿದು, ಹಲ್ಲು ಕಚ್ಚಿ, "ಏನೇ ಇದು?" ಅಂದ.

"ಅಪ್ಪನಿಗೆ ನಿಮ್ಮ ಕ್ಲಾಸಲ್ಲಿ ಕೂತ್ಕೋಬೇಕಿತ್ತಲ್ಲ," ಅಂದಳು ಅವಳು, ಅವನ ಮುಖ ನೋಡದೆ. "ಟಿಕೆಟ್ ತಗೊಂಡೆ."

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಕೆಲಸ ಹೋದವನ ಜೊತೆ ಬಾಳಬಹುದು, ಅದನ್ನು ಮುಚ್ಚಿಡಲು ದಿನಾ ಹೊಸ ಸುಳ್ಳು ಹೊಸೆಯುವವನ ಜೊತೆ ಎಷ್ಟು ದಿನ ಎಂದು ಅವಳು ಹಿಂದೊಮ್ಮೆ ಕೇಳಿದ್ದಳು. ನಿನಗೆ ಮರ್ಯಾದೆ ಅಂದರೆ ಗೊತ್ತಿಲ್ಲ ಎಂದು ಇವನು ಬಾಯಿ ಮುಚ್ಚಿಸಿದ್ದ.

ಮುಂದಿನದು ನಡಿಗೆಯ ದೊಡ್ಡ ತಮಾಷೆ. ಹಳೇ ಪಾಠದ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿ ಗೂಬೆ ಪ್ರೊಫೆಸರು ತಪ್ಪು ಪಾಠ ಮಾಡಬೇಕು. ತಪ್ಪು ಕಂಡಾಗಲೆಲ್ಲ ಮಕ್ಕಳು ಕೂಗಿ ಕಾಗದದ ಉಂಡೆ ಎಸೆಯಬೇಕು. ಇವತ್ತು ಅದನ್ನು ಬಿಟ್ಟುಬಿಡೋಣ ಅಂದುಕೊಂಡ. ಆದರೆ ಮಕ್ಕಳು ಆಗಲೇ ಕೋಣೆಗೆ ನುಗ್ಗಿ ಉಂಡೆ ಕಟ್ಟತೊಡಗಿದ್ದವು, ದುಡ್ಡು ಕೊಟ್ಟು ಬಂದ ಅಪ್ಪಂದಿರು ಫೋನು ಎತ್ತಿ ಹಿಡಿದಿದ್ದರು. ಮಾವ ಮೆಲ್ಲಗೆ ನಡೆದು ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಎರಡು ಕೈಗಳನ್ನೂ ಡೆಸ್ಕಿನ ಮೇಲಿಟ್ಟರು.

ಅದೇ ಕೋಣೆಯಲ್ಲಿ ಅವನು ನಿಜವಾದ ಪಾಠ ಮಾಡಿದ್ದ. ಆ ಮಾತನ್ನು ಈಗಲಾದರೂ ಬಾಯಿಬಿಟ್ಟು ಹೇಳಿಬಿಡಬೇಕು ಅನ್ನಿಸಿತು. ಯಾರಿಗೆ ಹೇಳುವುದು? ಬೆರಳು ಚೀಪುವವನಿಗೇ?

"ಒಂದಕ್ಕೆ ಒಂದು ಕೂಡಿದರೆ ಹನ್ನೊಂದು," ಅಂದ.

"ತಪ್ಪು, ಗೂಬೆ!" ಎಂದು ಕೋಣೆಯೆಲ್ಲ ಒಂದೇ ಬೊಬ್ಬೆ. ಉಂಡೆಗಳು ಎದೆಗೆ, ಕಿವಿಗೆ ಬಡಿದವು. ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆ ಅಂದ, ಹಸುವಿಗೆ ಆರು ಕಾಲು ಅಂದ. ಟೋಪಿ ಉರುಳಿತು. ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ಇನ್ನೂ ಜೋರಾಗಿ ನಕ್ಕರು. ಕೊನೆಯ ಬೆಂಚಿನಲ್ಲಿ ಮಾವ ಕೊಟ್ಟ ಮಾತಿನಂತೆ ಉಸಿರೆತ್ತಲಿಲ್ಲ. ಹೆಂಡತಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಕಂಪನಿಯ ಕೊನೆಯ ಶಾಸ್ತ್ರ. ಮಕ್ಕಳಿಗೆಲ್ಲ ಎರಡೆರಡು ಬಂಗಾರದ ಬಣ್ಣದ ಅಂಟುನಕ್ಷತ್ರ. ನಡಿಗೆ ಇಷ್ಟವಾಗಿದ್ದರೆ ಅವನ್ನು ಪ್ರೊಫೆಸರರ ಗೌನಿಗೆ ಅಂಟಿಸಬೇಕು. ಮಕ್ಕಳು ಮುತ್ತಿಕೊಂಡು ಕೈಗೆಟುಕಿದ ಕಡೆ, ಮಂಡಿಗೆ, ತೊಡೆಗೆ, ಸೊಂಟಕ್ಕೆ ಬಡಿದು ಬಡಿದು ಅಂಟಿಸಿದವು.

ಎಲ್ಲರೂ ಚದುರುತ್ತಿದ್ದಾಗ ಮಾವ ಒಬ್ಬ ಪುಟ್ಟ ಹುಡುಗಿಯ ಬಳಿ ಹೋಗಿ, ಮಿಕ್ಕಿದ್ದರೆ ನನಗೂ ಒಂದು ಕೊಡಮ್ಮ ಎಂದು ಕೇಳಿ ತೆಗೆದುಕೊಂಡರು. ಅಳಿಯನ ಎದುರು ಬಂದು ನಿಂತರು. ಅವನು ಏನೋ ಹೇಳಲು ಬಾಯಿ ತೆರೆದ.

"ಅಲ್ಲಾಡಬೇಡಿ," ಅಂದರು.

ನಕ್ಷತ್ರವನ್ನು ಅವನ ಎದೆಯ ಮೇಲಿಟ್ಟು, ಹುಡುಗರಿಗೆ ಅಂಟಿಸಿ ರೂಢಿಯಿದ್ದವರ ಹಾಗೆ ಹೆಬ್ಬೆರಳಿನಿಂದ ಮೂಲೆಮೂಲೆಯನ್ನೂ ಒತ್ತಿದರು.

"ಧ್ವನಿ ಚೆನ್ನಾಗಿದೆ. ಕೊನೇ ಬೆಂಚಿಗೂ ಕೇಳ್ಸುತ್ತೆ."

ಅಷ್ಟು ಹೇಳಿ ಮಗಳ ಕಡೆ ಕೈ ಚಾಚಿದರು. ಅವಳು ಅವರನ್ನು ಹಿಡಿದುಕೊಂಡು ಮೆಟ್ಟಿಲು ಇಳಿಸಿದಳು.

ಮುಂದಿನ ಗುಂಪು ಗೇಟಿನ ಬಳಿ ಸೇರುತ್ತಿತ್ತು. ಅವರು ಬರುವಷ್ಟರಲ್ಲಿ ಗೌನಿನ ಮೇಲೆ ಒಂದೂ ನಕ್ಷತ್ರ ಇರಕೂಡದು. ಅವನು ಮೆಟ್ಟಿಲ ಮೇಲೆ ಕೂತು ಉಗುರಿನಿಂದ ಕೆರೆದು ನಕ್ಷತ್ರ ಕೀಳತೊಡಗಿದ. ಮಂಡಿಯವು ಬಂದವು, ತೊಡೆಯವು ಬಂದವು. ಸೊಂಟದವನ್ನೂ ಕಿತ್ತು ಉಂಡೆ ಮಾಡಿ ಜೇಬಿಗೆ ಹಾಕಿದ. ಎದೆಯ ಮೇಲಿನದೊಂದೇ ಉಳಿದಿತ್ತು. ಅದರ ಅಂಚಿಗೆ ಉಗುರು ಸಿಗಲಿಲ್ಲ.