ನಡುಗುವ ಕೈಗೊಂದು ಬ್ರಾಂಚ್

ಯಾರ್ರೀ ಅದು, ಗ್ರೂಪಿನಲ್ಲಿ ನನ್ನ ಹೋದ ಸಲದ ವಾಯ್ಸ್ ನೋಟ್ ಕೆಳಗೆ "ತಾತನಿಗೆ ಅರಳುಮರಳು, ಅರ್ಧ ಕಟ್ಟುಕಥೆ" ಅಂತ ಬರೆದು ನಗೋ ಮುಖ ಹಾಕಿದ್ದು? ಆಯಸ್ಸೆಲ್ಲ ಕೋಟು ಹೊಲಿದವನು ನಾನು. ನಿಮ್ಮಲ್ಲಿ ಯಾರ ಹೊಟ್ಟೆ ಯಾವ ವರ್ಷ ಎಷ್ಟು ಮುಂದೆ ಬಂತು ಅಂತ ಇವತ್ತಿಗೂ ಹೇಳ್ತೀನಿ, ಬೇಕಾ? ಬೇಡ ತಾನೇ? ಇನ್ನು ಈ ಕಥೆಗಂತೂ ನನ್ನ ನೆನಪೇ ಬೇಕಾಗಿಲ್ಲ. ಯಾರು ಏನು ತಿದ್ದಿದರು, ಯಾರು ಯಾರಿಗೆ ಏನಂದರು, ಎಲ್ಲಾ ಅಂತರ್ಜಾಲದಲ್ಲಿ ಬಟಾಬಯಲಾಗಿ ಬಿದ್ದಿದೆ, ನನ್ನ ಮೋರೆ ಸಮೇತ. ಹೋಗಿ ನೋಡ್ಕೊಳ್ಳಿ. ಅಲ್ಲೀ ತನಕ ತೆಪ್ಪಗೆ ಕೇಳಿ.

ನಮ್ಮ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ಅಂತ ನಿಮಗೆ ಗೊತ್ತು. ಕಿವಿಗೆ ಹೆಡ್‌ಫೋನು, ಎರಡೂ ಕೈಯಲ್ಲಿ ವೈರು. ಆ ಧ್ವನಿ ಕೇಳಿದರೆ ಜಗಳ ಮಾಡೋಕೆ ಫೋನ್ ಎತ್ತಿದವನೂ "ಥ್ಯಾಂಕ್ಸ್ ಮೇಡಂ" ಅಂದು ಇಡ್ತಿದ್ದ. ಅಂಥವಳಿಗೆ ಪಾರ್ಶ್ವವಾಯು ಹೊಡೀತು. ಬಲಗೈ ಬಿತ್ತು, ಮಾತು ಬಿತ್ತು. ಉಳಿದ ಎಡಗೈಯೂ ನಡುಗು. ಬುದ್ಧಿ ಮಾತ್ರ ಕೂದಲೆಳೆಯಷ್ಟೂ ಕೊಂಕಲಿಲ್ಲ. ಅದೇ ಕಷ್ಟ ನೋಡಿ. ಒಳಗೆ ಮಾತೆಲ್ಲ ಸಾಲುಗಟ್ಟಿ ನಿಂತಿದೆ, ಹೊರಗೆ ಬಾಗಿಲಿಲ್ಲ.

ಚಿಕಿತ್ಸಾ ಕೇಂದ್ರದವರು ಅವಳ ಗಾಲಿಕುರ್ಚಿಗೆ ಕಬ್ಬಿಣದ ತೋಳೊಂದನ್ನು ಕಟ್ಟಿ, ಅದರ ಮೇಲೆ ಒಂದು ಟ್ಯಾಬ್ ಕೂರಿಸಿಕೊಟ್ಟರು. ಅದರ ತುಂಬ ಚಿತ್ರದ ಬಟನ್ನು. ಲೋಟದ ಚಿತ್ರ ಮುಟ್ಟಿದರೆ ಅದು "ನೀರು" ಅನ್ನುತ್ತೆ, ಕಿಟಕಿ ಮುಟ್ಟಿದರೆ "ಕಿಟಕಿ" ಅನ್ನುತ್ತೆ. ಮಾತಿನ ಹಲಗೆ ಅಂತ ನಾವು ಕರೆದೆವು.

ಅಕ್ಕನ ಬೆರಳು ಲೋಟದ ಮೇಲೆ ಹೋಯಿತು. "ನೀರು ನೀರು ನೀರು ನೀರು." ಕೈ ನಡುಗಿದಷ್ಟು ಸಲವೂ ಹಲಗೆ ಕೂಗಿತು. ಬಾಯಾರಿಕೆಯೋ, ಮನೆಗೆ ಬೆಂಕಿ ಬಿದ್ದಿದೆಯೋ ಅಂತ ಗೊತ್ತಾಗಬಾರದು, ಹಾಗೆ. ಪಕ್ಕದ ಮನೆಯಾಕೆ ನೋಡೋಕೆ ಬಂದಾಗ "ಬಾ" ಅನ್ನೋಕೆ ಹೋದಳು. "ಬಾ ಬಾ ಬಾ ಬಾ ಬಾ." ಆಕೆ ಬೆಚ್ಚಿಬಿದ್ದು, ಆಮೇಲೆ ಕಿಸಕ್ಕನೆ ನಕ್ಕುಬಿಟ್ಟಳು. ಕೆಟ್ಟ ನಗು ಅಲ್ಲ ಪಾಪ. ಆದರೆ ಅಕ್ಕ ಹಲಗೆಯನ್ನು ಆ ಕಡೆ ತಳ್ಳಿ ಗೋಡೆಗೆ ಮುಖ ಮಾಡಿದಳು. ಮಾರನೇ ದಿನವೂ ಮುಟ್ಟಲಿಲ್ಲ, ಆ ವಾರವೂ ಮುಟ್ಟಲಿಲ್ಲ.

ಆಗ ಎದ್ದು ನಿಂತವಳು ಅಕ್ಕನ ಸೊಸೆ. ನೀರು ಸರಬರಾಜು ಕಚೇರಿಯಲ್ಲಿ ಪಂಪು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಅಂತ ಪ್ರೋಗ್ರಾಮ್ ಬರೆಯೋ ಕೆಲಸ ಅವಳದು. ನಾಲ್ಕು ಗೋಡೆಯೊಳಗೆ ಬರೆದು ಅಭ್ಯಾಸ, ಊರೆಲ್ಲ ನೋಡೋ ಹಾಗೆ ಬಯಲಲ್ಲಿ ಬರೆದವಳಲ್ಲ.

"ಮಾವ, ಈ ಹಲಗೆ ಓಪನ್ ಸೋರ್ಸ್ ಕಣ್ರೀ" ಅಂದಳು. "ಒಳಗಿರೋ ಬರಹ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು."

"ಕಂಡಕಂಡವರೆಲ್ಲ ಕತ್ತರಿ ಆಡಿಸಿ ಚಿಂದಿ ಮಾಡಲ್ವೇನೇ?"

"ಮೂಲಕ್ಕೆ ಕೈ ಹಚ್ಚೋ ಹಾಗಿಲ್ಲ. ನಮ್ಮದೇ ಒಂದು ಪ್ರತಿ ಮಾಡ್ಕೋಬೇಕು, ಅದಕ್ಕೆ ಫೋರ್ಕ್ ಅಂತಾರೆ. ಅದರಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಿ, ಕೇಳೋರಿಲ್ಲ. ಚೆನ್ನಾಗಿ ಬಂದ್ರೆ 'ಇದನ್ನ ಮೂಲಕ್ಕೆ ಸೇರಿಸ್ಕೊಳ್ಳಿ' ಅಂತ ಅವರಿಗೆ ಕೇಳಬಹುದು. ಸೇರಿಸೋದು ಬಿಡೋದು ಅವರಿಷ್ಟ."

ನನಗೆ ತಕ್ಷಣ ತಲೆಗೆ ಹೋಯಿತು. ನನಗೆ ಹೊಲಿಗೆ ಕಲಿಸಿದ ಉಸ್ತಾದರ ಅಂಗಡಿಯಲ್ಲಿ ಕೋಟಿನ ಕಾಗದದ ನಮೂನೆ ಮೊಳೆಗೆ ನೇತಾಡ್ತಿತ್ತು. ಅದರ ಮೇಲೆ ಗೆರೆ ಎಳೆದರೆ ಕೈ ಮುರೀತಿದ್ದರು. ಬೇರೆ ಕಾಗದದ ಮೇಲೆ ಅಚ್ಚು ತೆಗೆದುಕೊಂಡು ನಿನಗೆ ಬೇಕಾದ ಹಾಗೆ ಕತ್ತರಿಸ್ಕೋ. ನಿನ್ನ ತೋಳು ಚೆನ್ನಾಗಿ ಕೂತರೆ ಅವರೇ ಬಂದು ಮೊಳೆಯ ಮೇಲಿನದನ್ನು ಬದಲಾಯಿಸ್ತಿದ್ದರು. ಇದೂ ಅದೇ.

ಅವಳು ಫೋರ್ಕ್ ಮಾಡಿಕೊಂಡಳು. ಒಂದು ಬಟನ್ನು ಒಮ್ಮೆ ಮುಟ್ಟಿದ ಮೇಲೆ, ಒಂದು ಉಸಿರೆಳೆಯೋಷ್ಟು ಹೊತ್ತು ಮತ್ತೆ ಮುಟ್ಟಿದರೂ ಹಲಗೆ ಲೆಕ್ಕಕ್ಕೆ ತಗೋಬಾರದು, ಇಷ್ಟೇ ತಿದ್ದುಪಡಿ. ಕೇಂದ್ರದ ಮೇಡಂ ಹತ್ತಿರ ಕಾಡಿ ಬೇಡಿ ಅದನ್ನು ಟ್ಯಾಬ್‌ಗೆ ಹಾಕಿಸಿದಳು. ಅಕ್ಕ ಅನುಮಾನದಿಂದಲೇ ಲೋಟ ಮುಟ್ಟಿದಳು.

"ನೀರು."

ಒಂದೇ ಒಂದು ಸಲ. ಅಕ್ಕ ಹಲಗೆ ನೋಡಿದಳು, ಸೊಸೆಯ ಮುಖ ನೋಡಿದಳು. ನೀರು ತಂದುಕೊಟ್ಟರೆ ಕುಡಿಯಲೂ ಇಲ್ಲ, ಮತ್ತೆ ಮುಟ್ಟಿದಳು. "ನೀರು." ಬಾಯಾರಿಕೆ ನೀರಿಗಲ್ಲ, ತಿಳೀತಾ?

ಆಮೇಲೆ ಮನೆಯಲ್ಲಿ ಹುರುಪೋ ಹುರುಪು. ಸೊಸೆ ಸಂಜೆ ಕೂತು ನಮ್ಮ ಮನೆಗೇ ಅಂತ ಬಟನ್ನು ಸೇರಿಸಿದಳು. "ಆ ಟೀವಿ ಆರಿಸಿ" ಅಂತ ಒಂದು. "ಮಗನೇ, ಗಡ್ಡ ಬೋಳಿಸು" ಅಂತ ಒಂದು. ಕೊನೆಯಲ್ಲಿ ನನ್ನ ಫೋಟೊ. ನಿದ್ದೆಯಿಂದ ಎದ್ದವನ ಹಾಗೆ ಬಾಯಿ ಕಳೆದಿರೋ ಫೋಟೊ! ಅದನ್ನು ಮುಟ್ಟಿದರೆ ಹಲಗೆ ಗಂಟಲು ಬಿಚ್ಚಿ "ತಮ್ಮಾ, ಬಾಯಿ ಮುಚ್ಚು" ಅನ್ನುತ್ತೆ. ಅಕ್ಕನಿಗೆ ಅದೇ ಪ್ರೀತಿಯ ಬಟನ್ನು. ಉಣ್ಣುವಾಗ, ಕೂರುವಾಗ, ಬಂದವರ ಮುಂದೆ.

ಅಷ್ಟರಲ್ಲಿ ಕೇಂದ್ರದ ಮೇಡಂ ಹೇಳಿಕಳಿಸಿದರು, "ಹಲಗೆಯ ಹೊಸ ಆವೃತ್ತಿ ಬರ್ತಿದೆ. ಬಂದ ದಿನ ಎಲ್ಲ ಟ್ಯಾಬನ್ನೂ ಅಳಿಸಿ ಅದನ್ನೇ ಹಾಕ್ತೀವಿ. ಮನೆಯಲ್ಲಿ ಮಾಡಿದ್ದನ್ನ ಇಟ್ಕೊಳ್ಳೋಕೆ ನಮಗೆ ಅನುಮತಿ ಇಲ್ಲ."

ಅಂದರೆ ತಿದ್ದುಪಡಿ ಮೂಲಕ್ಕೇ ಸೇರಬೇಕು. ಇಲ್ಲವಾದರೆ ಅಕ್ಕ ಮತ್ತೆ ಗೋಡೆಗೆ ಮುಖ.

"ನಮ್ಮದೇ ಬೇರೆ ಟ್ಯಾಬ್ ತರೋಣ ಬಿಡೇ" ಅಂದೆ ನಾನು.

"ತರಬಹುದು ಮಾವ. ಆದ್ರೆ ಅವರು ಹೊಸದು ಮಾಡಿದಾಗೆಲ್ಲ ನಾನು ಕೂತು ಎರಡನ್ನೂ ಹೊಂದಿಸ್ತಾ ಇರಬೇಕು. ನಾನೇ ಮಲಗಿಬಿಟ್ರೆ ಅತ್ತೆಯ ಮಾತು ಯಾರ ಕೈಲಿ?"

ಸರಿ, ಗಡಿಬಿಡಿಯಲ್ಲಿ ಕಳಿಸಿದಳು. ಅಲ್ಲೇ ಎಡವಟ್ಟಾಗಿದ್ದು. ಫೋರ್ಕಿನೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಬ್ರಾಂಚ್ ಅಂತ ಬೇರೆ ಮಾಡ್ಕೋಬೇಕಂತೆ. ತೋಳಿನ ತಿದ್ದುಪಡಿಗೆ ಒಂದು ಹಾಳೆ, ಕಾಲರಿಗೆ ಇನ್ನೊಂದು ಹಾಳೆ, ಹಾಗೆ. ಇವಳು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಗೀಚಿದ್ದಳು. ಕಳಿಸು ಅಂದ ತಕ್ಷಣ ಎಲ್ಲ ಒಟ್ಟಿಗೆ ಹೋಯಿತು: ಟೀವಿ, ಮಗನ ಗಡ್ಡ, ಬಾಯಿ ಕಳೆದ ನಾನು.

ಆ ಕಡೆ ಮೂಲವನ್ನು ಕಾಯೋರೊಬ್ಬರಿದ್ದರು. ಹೆಸರು ಗೊತ್ತಿಲ್ಲ, ಹೆಸರಿನ ಜಾಗದಲ್ಲಿ ಒಂದು ಗೂಬೆಯ ಚಿತ್ರ. ಹಾಗಾಗಿ ನಮಗೆ ಅವರು ಗೂಬೆ. ಉತ್ತರ ಬಂತು. ಸೊಸೆ ಓದ್ತಾ ಓದ್ತಾ ಕೆಂಪಾದಳು.

"ಏನಂತೆ? ಓದೇ ಗಟ್ಟಿಯಾಗಿ."

"'ಬದಲಾವಣೆಗೆ ಧನ್ಯವಾದ. ಕೊನೆಯ ಬಟನ್ನಿನಲ್ಲಿರುವ ಹಿರಿಯರು ಯಾರು? ಅವರಿಗೆ ಬಾಯಿ ಮುಚ್ಚು ಅಂತ ಪ್ರಪಂಚದವರೆಲ್ಲ ಹೇಳಬೇಕೇ?' ಅಂತ ಕೇಳಿದಾರೆ ಮಾವ."

ಅಕ್ಕನ ಹೆಗಲು ಕುಣಿಯಿತು. ಪಾರ್ಶ್ವವಾಯು ಹೊಡೆದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ನನ್ನ ಮಾನ ಹೋದರೆ ಹೋಗಲಿ ಅಂದುಕೊಂಡೆ.

ಆದರೆ ಉತ್ತರ ಅಲ್ಲಿಗೇ ಮುಗಿದಿರಲಿಲ್ಲ. ಗೂಬೆ ಬರೆದಿತ್ತು: ಈ ಹಲಗೆಯನ್ನು ಶುರುಮಾಡಿದ್ದೇ ನನ್ನ ತಮ್ಮನಿಗಾಗಿ. ಹೆದರಿಕೆಯಾದಾಗ ಅವನು ಒಂದೇ ಬಟನ್ನನ್ನು ಪಟಪಟಪಟ ಅಂತ ಒತ್ತುತ್ತಾನೆ. ಎಷ್ಟು ಹೆದರಿದ್ದಾನೆ ಅಂತ ನಮಗೆ ತಿಳಿಯೋದೇ ಅದರಿಂದ. ನಿಮ್ಮ ತಿದ್ದುಪಡಿ ಬಂದರೆ ಅವನು ಎಷ್ಟು ಒತ್ತಿದರೂ ಒಂದೇ ಸಲ ಕೇಳಿಸುತ್ತೆ. ಹೀಗೇ ಸೇರಿಸಲಾರೆ. ಬೇಕಾದವರು ಹಾಕಿಕೊಳ್ಳೋ ಹಾಗೆ ಸೆಟ್ಟಿಂಗ್ ಮಾಡಿ, ಅದೊಂದನ್ನೇ ಬೇರೆ ಬ್ರಾಂಚಿನಲ್ಲಿ ಕಳಿಸಿ.

ಸೊಸೆ ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿದಳು. "ಬೇಡ ಬಿಡಿ ಮಾವ. ಮರ್ಯಾದೆ ಹೋಗಿದ್ದು ಸಾಕು. ಅವರ ತಮ್ಮ ಅವರಿಗೆ, ನಮ್ಮತ್ತೆ ನಮಗೆ. ಬೇರೆ ಟ್ಯಾಬೇ ತರೋಣ, ನಾನೇ ಹೇಗೋ ಏಗ್ತೀನಿ."

"ಹೂಂ ಮತ್ತೆ! ಆ ಗೂಬೆಗೇನು ಕೊಬ್ಬು" ಅಂತ ನಾನೂ ಒಗ್ಗರಣೆ ಹಾಕಿದೆ.

ಅಕ್ಕನ ಬೆರಳು ಹಲಗೆಯ ಮೇಲೆ ಓಡಾಡಿತು. ಪುಟ ತಿರುವಿದಳು, ಹುಡುಕಿದಳು.

"ಮಾತು. ಕತ್ತರಿ. ಬೇಡ."

"ನೋಡಿದ್ಯಾ, ನನಗೇ ಬೈತಿದಾಳೆ. ನಡುವೆ ಬಾಯಿ ಹಾಕಬೇಡ ಅಂತ" ಅಂದೆ.

ಅಕ್ಕ ಕಣ್ಣು ಕೆಕ್ಕರಿಸಿ ಮತ್ತೆ ಹುಡುಕಿದಳು. "ಅವನ. ಮಾತು. ಕತ್ತರಿ. ಬೇಡ."

ಗೂಬೆಯ ತಮ್ಮನ ಮಾತು ಅದು, ನನ್ನದಲ್ಲ. ಎಕ್ಸ್‌ಚೇಂಜಿನಲ್ಲಿ ಇದ್ದಷ್ಟು ವರ್ಷವೂ ಒಬ್ಬರ ಕರೆ ಕತ್ತರಿಸಿ ಇನ್ನೊಬ್ಬರಿಗೆ ಲೈನು ಕೊಟ್ಟವಳಲ್ಲ ನಮ್ಮಕ್ಕ. ಇಬ್ಬರಿಗೂ ದಾರಿ ಹುಡುಕಿ, ಆಮೇಲೆ ಹೆಡ್‌ಫೋನು ಇಳಿಸ್ತಿದ್ದಳು. ತನ್ನ ಮಾತು ಹೋಗಿದೆ, ಆದರೂ ಕಾಣದ ಊರಿನ ಯಾವನೋ ಒಬ್ಬನ ಲೈನು ಕಾಯ್ತಾ ಕೂತಿದಾಳೆ.

"ಆಯ್ತು ಅತ್ತೆ" ಅಂದಳು ಸೊಸೆ. ಲ್ಯಾಪ್‌ಟಾಪ್ ಮತ್ತೆ ತೆರೆದಳು.

ಈ ಸಲ ಮೂಲದಿಂದ ಹೊಸದಾಗಿ ಒಂದು ಬ್ರಾಂಚ್ ತೆಗೆದುಕೊಂಡಳು. ಅದರಲ್ಲಿ ಗಡ್ಡ ಇಲ್ಲ, ಟೀವಿ ಇಲ್ಲ, ನಾನಿಲ್ಲ. ಬ್ರಾಂಚಿಗೂ ಅದರೊಳಗಿನ ಸೆಟ್ಟಿಂಗಿಗೂ "ನಡುಗುವ ಕೈ" ಅಂತಲೇ ಹೆಸರಿಟ್ಟಳು. ಬೇಕಾದವರು ಹಾಕ್ಕೋಬೇಕು, ಹಾಕ್ಕೊಳ್ಳದಿದ್ದರೆ ಹಲಗೆ ಹಳೇ ಹಾಗೇ. ಕಳಿಸಿದಳು. ಗೂಬೆ ತಿದ್ದಿಸಿತು: ಎಲ್ಲರ ನಡುಕ ಒಂದೇ ಥರ ಇರೋಲ್ಲ, ಎಷ್ಟು ಹೊತ್ತು ಕಾಯಬೇಕು ಅಂತ ಅವರವರೇ ಹೊಂದಿಸಿಕೊಳ್ಳೋ ಹಾಗೆ ಮಾಡಿ. ಮಾಡಿದಳು. ಇನ್ನೇನೋ ಕೊಂಕು ತೆಗೆಯಿತು, ಅದನ್ನೂ ಮಾಡಿದಳು. ಕಂಕುಳಲ್ಲಿ ಹಿಡಿಯುತ್ತೆ ಅಂತ ಗಿರಾಕಿ ವಾಪಸ್ ಬಂದರೆ ಹೊಲಿಗೆ ಬಿಚ್ಚಲೇಬೇಕಲ್ಲ, ಬೈಕೊಂಡಾದರೂ. ಇತ್ತ ಹೊಸ ಆವೃತ್ತಿಯ ದಿನ ಹತ್ತಿರ ಬರ್ತಾ ಇತ್ತು. ಅಕ್ಕ ದಿನಾ ಬೆಳಗ್ಗೆ ಸೊಸೆ ಕಂಡ ತಕ್ಷಣ "ಏನು?" ಅನ್ನೋ ಬಟನ್ನು ಮುಟ್ಟುವಳು. ಅವಳು ತಲೆ ಆಡಿಸುವಳು, ಇಲ್ಲ ಅಂತ.

ಒಂದು ಮಧ್ಯಾಹ್ನ ಕಚೇರಿಯಿಂದ ಫೋನು. "ಮಾವ! ಮರ್ಜ್ ಆಯ್ತು! ಗೂಬೆ ನಮ್ಮದನ್ನ ಮೂಲಕ್ಕೆ ಸೇರಿಸ್ಕೊಂಡ್ರು! 'ನಿಮ್ಮತ್ತೆಗೆ ನನ್ನ ತಮ್ಮನ ನಮಸ್ಕಾರ, ಬಾಯಿ ಕಳೆದಿರುವ ಹಿರಿಯರಿಗೂ' ಅಂತ ಬರೆದಿದಾರೆ."

ಆವೃತ್ತಿ ಬಂದ ದಿನ ಕೇಂದ್ರದ ಮೇಡಂ ಮನೆಗೇ ಬಂದು ಟ್ಯಾಬ್ ಅಳಿಸಿ ಹೊಸದು ಹಾಕಿದರು, ಸೊಸೆ ಸೆಟ್ಟಿಂಗ್ ಆನ್ ಮಾಡಿದಳು. ಅಕ್ಕ ಲೋಟ ಮುಟ್ಟಿದಳು. "ನೀರು." ಒಂದೇ ಸಲ.

ಆಮೇಲೆ ಕೊನೆಯ ಪುಟಕ್ಕೆ ಹೋದಳು. ನನ್ನ ಮೋರೆ ಅಲ್ಲಿರಲಿಲ್ಲ. ಎಲ್ಲಿರುತ್ತೆ? ಅದು ಮನೆಯ ಫೋರ್ಕಿನಲ್ಲೇ ಉಳೀತು. ಖಾಲಿ ಜಾಗ ನೋಡ್ತಾ ಕೂತಳು.

ನಾನು ಸುಮ್ಮನಿರಬೇಕಿತ್ತು. ಇದ್ದೆನಾ? "ಹೋಯ್ತಲ್ಲಕ್ಕಾ ನಿನ್ನ ಬಟನ್ನು! ಇನ್ನು ನನ್ನನ್ನ ತಡೆಯೋರು ಯಾರು? ಆವತ್ತು ಏನಾಯ್ತು ಗೊತ್ತಾ..." ಅಂತ ಶುರುಹಚ್ಚಿದೆ.

ಅಕ್ಕ ಮನೆಯವರ ಪುಟ ತೆರೆದಳು. "ತಮ್ಮ." ದೇಹದ ಪುಟ ತೆರೆದಳು. "ಬಾಯಿ." ಆಮೇಲೆ ಪೆಟ್ಟಿಗೆ, ಬಾಗಿಲು ಎಲ್ಲ ಇರೋ ಪುಟಕ್ಕೆ ಹೋಗಿ, ಕೈ ನಡುಗಿಸ್ತಾನೇ ನಿಧಾನವಾಗಿ ಬೆರಳಿಟ್ಟಳು.

"ಮುಚ್ಚು."

ಯಾರೂ ಮಾಡಿಕೊಟ್ಟ ಬಟನ್ನಲ್ಲ. ಅವಳೇ ಹೆಕ್ಕಿ ತಂದ ಮಾತು. ಮುಚ್ಚಿದೆ ಕಣ್ರಪ್ಪಾ, ಆವತ್ತು ಊಟದ ತನಕ ಬಾಯಿ ಬಿಡಲಿಲ್ಲ. ನಂಬದಿದ್ದರೆ ಸೊಸೆಯನ್ನು ಕೇಳಿ.

ಈಗ ವಿಷಯಕ್ಕೆ ಬರ್ತೀನಿ. ಆ ಸೆಟ್ಟಿಂಗ್ ತಾನಾಗೇ ಆನ್ ಆಗೋದಿಲ್ಲ, ಗೂಬೆಯ ತಮ್ಮನ ಸಲುವಾಗಿ. ಒಳಗೆಲ್ಲೋ ಅಡಗಿ ಕೂತಿದೆ. ಎಷ್ಟು ಮನೆಯಲ್ಲಿ ಎಷ್ಟು ಜನ ನಡುಗೋ ಕೈಯವರು "ನೀರು ನೀರು ನೀರು" ಅಂತ ತೊದಲಿ, ನಾಚಿಕೊಂಡು, ಗೋಡೆಗೆ ಮುಖ ಮಾಡಿದಾರೋ. ಅದಕ್ಕೇ ಹೇಳ್ತಿರೋದು, ನಗೋ ಮುಖ ಆಮೇಲೆ ಹಾಕಿ, ಮೊದಲು ಇದನ್ನ ಮುಂದಕ್ಕೆ ಕಳಿಸಿ. ಗೊತ್ತಿರೋರಿಗೆ, ಗೊತ್ತಿಲ್ಲದೋರಿಗೆ, ಎಲ್ಲರಿಗೂ. ನನ್ನ ಫೋಟೊ ಬಗ್ಗೆ ಬೇಕಾದ್ರೆ ಹೇಳಿ, ಬೇಡವಾದ್ರೆ ಬಿಡಿ. "ನಡುಗುವ ಕೈ" ಅನ್ನೋ ಹೆಸರು ಮಾತ್ರ ಬಿಡಬೇಡಿ.